ಕೊರಳಲ್ಲಿ ಇನ್ನೊಬ್ಬಳು

“ಸಿದ್ದೀ, ಬಂದ್ಯೇನೇ?”

ಗಂಜಿಯ ಬಟ್ಟಲು ಹಿಡಿದು ಬಾಗಿದ್ದವಳು ಹಾಗೇ ನಿಂತೆ. ನನ್ನ ಗಂಡ ಮಹಾಲಿಂಗಯ್ಯ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. “ಏ ಇವ್ಳೇ” ಅನ್ನುವುದೇ ಈ ಮನೆಯಲ್ಲಿ ನನ್ನ ಹೆಸರು. ಸಿದ್ದಿ ಅಂದರೆ ಸಿದ್ದಲಕ್ಷ್ಮಮ್ಮ, ಕುಣಿಗಲ್ ಕಡೆಯವಳು, ನನಗಿಂತ ಮೊದಲಿನವಳು. ಮದುವೆಯಾದ ಮರುವರ್ಷವೇ ಜ್ವರ ಬಂದು ಸತ್ತವಳು.

ಅವಳನ್ನು ನಾನು ನೋಡಿಲ್ಲ, ಹೊತ್ತುಕೊಂಡಿದ್ದೇನೆ. ನಾನು ಎರಡನೆಯವಳಾಗಿ ಬಂದಾಗ ಅವಳ ಹೆಸರಿನಲ್ಲಿ ಚಿನ್ನದ ಸಣ್ಣ ಬಿಲ್ಲೆ ಮಾಡಿಸಿ ನನ್ನ ತಾಳಿಸರಕ್ಕೆ ಪೋಣಿಸಿದ್ದರು, ಕಾಡದಿರಲಿ ಅಂತ. ನಾನು ಬಾಗಿದಾಗಲೆಲ್ಲ ಅದು ತಾಳಿಗೆ ತಾಕಿ ಟಿಣ್ ಅನ್ನುತ್ತದೆ. ಆ ಸದ್ದಿಗೇ ಅವರು ಕಣ್ಣು ಬಿಟ್ಟಿದ್ದರು. ನೋಟ ಮಾತ್ರ ನನ್ನ ಮೇಲಿರಲಿಲ್ಲ. ನನ್ನ ಹೆಗಲಾಚೆ, ಬಾಗಿಲ ಬಳಿ, ಒಂದು ಹೆಣ್ಣು ನಿಂತಷ್ಟು ಎತ್ತರದಲ್ಲಿತ್ತು.

“ನಾನು ಕಣ್ರೀ! ಅವ್ಳು ಸತ್ತು ಯಾವ ಕಾಲ ಆಯ್ತು!”

ಅವರು ಗೋಡೆಗೆ ಮುಖ ತಿರುಗಿಸಿದರು. ಗಂಜಿ ಮುಟ್ಟಲಿಲ್ಲ.

ಮಾರನೆಯ ದಿನ ತುಮಕೂರಿನಿಂದ ನರ್ಸ್ ಅರ್ಶಿಯಾ ಬಂದಳು. ಲಿವರ್ ಕ್ಯಾನ್ಸರ್‌ಗೆ ಇನ್ನು ಮದ್ದಿಲ್ಲ, ನೋವು ಕಮ್ಮಿ ಮಾಡಬಹುದಷ್ಟೇ ಅಂತ ಆಸ್ಪತ್ರೆಯವರು ನಮ್ಮನ್ನು ಗುಬ್ಬಿಯ ಮನೆಗೆ ಕಳಿಸಿದ ಮೇಲೆ ವಾರವಾರ ಸ್ಕೂಟಿಯಲ್ಲಿ ಬರುವ ಹುಡುಗಿ. ಅವರನ್ನು ನೋಡಿ, ಅಡುಗೆಮನೆಗೆ ಬಂದು, ನನ್ನೆದುರು ನೆಲದ ಮೇಲೆ ಕೂತಳು.

“ನೀವ್ ಊಟ ಮಾಡಿದ್ರಾ ಆಂಟಿ?”

ಬಂದವರೆಲ್ಲ ಧೈರ್ಯ ತಂದ್ಕೋ ಅಂದು ಹೋಗಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ನನ್ನ ಅಳು ಸಿಟ್ಟಾಗಿ ಬಂತು.

“ಉಣ್ಣೋದೇನ್ ಬಂತು? ಹೇಲು ಉಚ್ಚೆ ಬಾಚೋಳು ನಾನು, ಕರಿಯೋದು ಅವ್ಳನ್ನ!”

ಅವಳು ಸಮಾಧಾನ ಹೇಳಲಿಲ್ಲ. “ನೋವಾಗುತ್ತೆ ಆಂಟಿ,” ಅಂದಳು. “ಲಿವರ್ ಕೆಟ್ಟಾಗ ಹಿಂಗೆಲ್ಲ ಕಾಣ್ಬೋದು, ಡಾಕ್ಟರ್‌ಗೂ ಹೇಳ್ತೀನಿ. ಆದ್ರೆ ಜಗಳ ಆಡ್ಬೇಡಿ. ನಾನೇ ಅವ್ಳು ಅಂತ ಸುಳ್ಳೂ ಬೇಡ. ಏನ್ ಹೇಳ್ಬೇಕು ಅಂತಿದಾರೋ ಕೇಳಿ ನೋಡಿ.”

“ಅವ್ಳೇ ಬೇಕು ಅಂದ್ಬಿಟ್ರೆ?”

“ಅದಕ್ಕೇನ್ ಹೇಳ್ಬೇಕೋ ನಂಗೂ ಗೊತ್ತಿಲ್ಲ. ಫೋನ್ ಮಾಡಿ. ಬರೀ ಅಳೋಕ್ಕಾದ್ರೂ ಮಾಡಿ.”

ಅವಳು ಹೋದ ಮೇಲೆ ಬಿಲ್ಲೆಯನ್ನು ಬಿಚ್ಚಿ ಅರಿಸಿನದ ಡಬ್ಬಿಯಲ್ಲಿ ಹೂತು ಮುಚ್ಚಳ ಹಾಕಿದೆ. ಸದ್ದೇ ಇಲ್ಲದಿದ್ದರೆ ಹೇಗೆ ಬರುತ್ತಾಳೆ?

ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಾದ ಮನೆಯೊಳಗೆ ಬಾಗಿಲ ಬಳಿ ಮಾತ್ರ ಯಾರೋ ನೀರು ಚಿಮುಕಿಸಿದಂತೆ ತಂಪು. ನಾನು ಮಂಚದ ಪಕ್ಕ ಕದಲದೆ ಕೂತಿದ್ದೆ.

ಟಿಣ್.

ಕೈ ಕೊರಳಿಗೆ ಹೋಯಿತು. ತಾಳಿ ಒಂದೇ ಇತ್ತು.

“ಮೆತ್ತಗೆ ಬಾ ಸಿದ್ದಿ,” ಅಂದರು ಅವರು.

ಎದ್ದು ಓಡಬೇಕೆನಿಸಿತು. ಓಡದೆ ಅವರ ಕೈ ಹಿಡಿದೆ. “ಅವ್ಳಿಗೆ ಏನ್ ಹೇಳ್ಬೇಕು ಅಂತಿದೀರಿ?”

“ಕರ್ಕೊಂಡ್ ಹೋಗಕ್ಕೆ ಬಂದವ್ಳೆ,” ಬಾಗಿಲನ್ನೇ ನೋಡುತ್ತಾ ನಕ್ಕರು. “ಬರ್ತೀನಿ ಕಣೇ. ಆದ್ರೆ ಮಂಗಳ ಇನ್ನೂ ಉಂಡಿಲ್ಲ. ಅವ್ಳು ಉಣ್ಣೋಗಂಟ ಇರು.”

ಮಂಗಳ. ಟ್ರಂಕಿನ ಅಡಿಯಲ್ಲಿ ಮಡಿಕೆ ಕೆಡದಂತೆ ಇಟ್ಟ ಸೀರೆಯ ಹಾಗೆ ನನ್ನ ಹೆಸರು ಅವರ ಬಾಯಲ್ಲಿ ಇಷ್ಟು ದಿನ ಇತ್ತೇ?

“ನನ್ ಹೆಸ್ರು ನಿಮಗೆ ಗೊತ್ತಿತ್ತಾ?”

ಆಗ ನನ್ನ ಕಡೆ ತಿರುಗಿದರು. ದನಿ ತಗ್ಗಿಸಿ, ಅವಳಿಗೆ ಕೇಳಬಾರದೆಂಬಂತೆ ಅಂದರು: “ಕರೆದ್ರೆ ಅವ್ಳಿಗೆ ಕೇಳುಸ್ತದೆ, ಹೊಟ್ಟೆಕಿಚ್ಚು ಪಡ್ತಾಳೆ. ಒಬ್ಳನ್ನ ಕಳ್ಕೊಂಡಿದ್ದೆ. ನಿನ್ನೂ ಕಳ್ಕೊಳಕ್ಕಾಯ್ತದಾ?”

ಆವತ್ತು ನಾನು ಉಣ್ಣಲಿಲ್ಲ. ಮರುದಿನವೂ ಬರೀ ಕಾಫಿ. ನಾನು ಉಣ್ಣದಿದ್ದರೆ ಅವರು ಹೋಗುವುದಿಲ್ಲವಲ್ಲ. ಆದರೆ ನೋವು ಏರಿತು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ತುಟಿ ಒಡೆಯಿತು, ನರಳುತ್ತಲೇ ಬಾಗಿಲು ನೋಡಿದರು. ಅರ್ಶಿಯಾಗೆ ಫೋನ್ ಮಾಡಿ ಎಲ್ಲ ಹೇಳಿದೆ.

“ನೋವಿಗೆ ಡಾಕ್ಟರ್‌ನ ಕೇಳಿ ಈಗ್ಲೇ ಬರ್ತೀನಿ,” ಅಂದಳು. ಆಮೇಲೆ ಮೆಲ್ಲಗೆ, “ಹೋಗ್ಬೇಡಿ ಅಂತ ಅನ್ನಿಸ್ತಿದ್ಯಾ ಆಂಟಿ? ಉಪವಾಸ ಇದ್ದು ಹೇಳೋ ಬದ್ಲು ಬಾಯ್ಬಿಟ್ಟು ಹೇಳಿ.”

ಅವಳು ಬಂದು ಇಂಜೆಕ್ಷನ್ ಕೊಟ್ಟಳು. ಅವರ ಹುಬ್ಬಿನ ಗಂಟು ಸಡಿಲವಾಯಿತು. ಅವಳು ಹೊರಗೆ ಜಗಲಿಯಲ್ಲಿ ಕೂತಳು.

ನಾನು ಡಬ್ಬಿ ತೆಗೆದು, ಅರಿಸಿನ ಮೆತ್ತಿದ ಬಿಲ್ಲೆಯನ್ನು ಮತ್ತೆ ಪೋಣಿಸಿಕೊಂಡೆ. ಅದು ಬೆಚ್ಚಗಿತ್ತು. ತಟ್ಟೆಗೆ ಮೊಸರನ್ನ ಹಾಕಿಕೊಂಡು ಅವರ ಪಕ್ಕ ಕೂತೆ.

“ನಂಗೆ ನಿಮ್ಮನ್ನ ಕಳ್ಸಕ್ಕೆ ಇಷ್ಟ ಇಲ್ಲ ಕಣ್ರೀ. ಆದ್ರೂ ಉಣ್ತಿದೀನಿ.”

ಅವರು ಬಾಗಿಲ ಕಡೆ ನೋಡಲಿಲ್ಲ. ನನ್ನನ್ನೇ ನೋಡಿದರು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ. ನನಗೆ ಈ ವಯಸ್ಸಿನಲ್ಲಿ ನಾಚಿಕೆಯಾಯಿತು.

“ಉಪ್ಪಿನ್ಕಾಯಿ ಹಾಕ್ಕೊಂಡ್ಯಾ, ಮಂಗಳಾ?”

ಜೋರಾಗಿಯೇ ಕೇಳಿದರು, ಬಾಗಿಲಿಗೂ ಕೇಳಿಸುವಷ್ಟು.

“ಹಾಕ್ಕೊಂಡೆ ಕಣ್ರೀ.”

ಬಾಗಿಲ ಬಳಿಯ ತಂಪು ಮಂಚದ ಹತ್ತಿರಕ್ಕೆ ಬಂದು ನಿಂತಿತು. ನಾನು ಕೊನೆಯ ತುತ್ತನ್ನು ತುಂಬ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದೆ.