ಮುಚ್ಚಳದ ಹಾಡು

ಹದಿನಾಲ್ಕನೆಯ ತಾರೀಕು, ಮಂಗಳವಾರ, ಬೆಳಗ್ಗೆ ಹತ್ತು ಇಪ್ಪತ್ತು. ಠಾಣೆಯ ಮೆಟ್ಟಿಲು ಹತ್ತಿ ಬಂದವರು ಇಬ್ಬರು. ಮುಂದೆ ಐವತ್ತರ ಆಸುಪಾಸಿನ ಗಂಡಸು, ಒಂದು ಸ್ಟೀಲ್ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಎಳೆಗೂಸಿನ ಹಾಗೆ ಹಿಡಿದುಕೊಂಡಿದ್ದ. ಹಿಂದೆ ಕತ್ತಿಗೆ ಶಾಲು ಸುತ್ತಿಕೊಂಡ ಇಪ್ಪತ್ತೆರಡರ ಹುಡುಗಿ.

ಹೆಡ್ ಕಾನ್‌ಸ್ಟೇಬಲ್ ದಡಕ್ಕನೆ ಎದ್ದು ನಿಂತರು. ಅವರ ಪಿಸುಮಾತು ಎದುರು ಬೀದಿಯ ಔಷಧಿ ಅಂಗಡಿಗೂ ಕೇಳುತ್ತಿದ್ದುದರಿಂದ ಠಾಣೆಯಲ್ಲಿ ಅವರಿಗೆ 'ಮೈಕು' ಎಂದೇ ಹೆಸರು.

"ಸಾರ್, ಇವರು ಯಾರು ಗೊತ್ತಾಯ್ತಾ? ನನ್ನ ಮಗಳ ಫೋನಲ್ಲಿ ಬೆಳಗಿಂದ ಸಂಜೆವರೆಗೂ ಇವರದೇ ಹಾಡು!"

"ಗೊತ್ತಾಯ್ತು. ಮೊದಲು ಕುರ್ಚಿ ಹಾಕಿ," ಎಂದರು ಇನ್ಸ್‌ಪೆಕ್ಟರ್.

ಹುಡುಗಿಯ ಮುಖ ಊರಿನ ಗೋಡೆಗಳ ಮೇಲೆಲ್ಲ ಇತ್ತು. ಹದಿಮೂರನೆಯ ವಯಸ್ಸಿಗೆ ಬಚ್ಚಲುಮನೆಯಲ್ಲಿ ಕೂತು ತಾನೇ ಕಟ್ಟಿದ ಹಾಡನ್ನು ಫೋನಿಗೆ ಹಾಡಿದವಳು. ಅದನ್ನು ಒಬ್ಬರಿಂದ ಒಬ್ಬರು ಕಳಿಸಿಕೊಂಡು ಲಕ್ಷಗಟ್ಟಲೆ ಜನ ಕೇಳಿದರು. ಆಮೇಲೆ ಎರಡು ಆಲ್ಬಂ ಬಂದವು. ಈ ಶನಿವಾರ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರ ಜನರ ಮುಂದೆ ಮೂರನೆಯದರ ಬಿಡುಗಡೆ.

ಗಂಡಸು ಅವಳ ಸೋದರಮಾವ. ಕಾರ್ಯಕ್ರಮಗಳ ವ್ಯವಸ್ಥೆಯೆಲ್ಲ ಅವನದೇ.

"ನಿನ್ನೆ ಬೆಳಗ್ಗೆ ಹತ್ತಕ್ಕೆ ಸ್ಟುಡಿಯೋದಲ್ಲಿ ಸಾರ್. ಹಾಡೋಕೆ ಮುಂಚೆ ಎರಡು ಗುಟುಕು ಬಿಸಿನೀರು ಕುಡಿಯೋದು ಅಭ್ಯಾಸ. ಬಾಯಿಗೆ ಹಾಕ್ಕೊಂಡವಳೇ ಉಗುಳಿಬಿಟ್ಟಳು. ನಾಲಿಗೆ ಎಲ್ಲ ಬೊಬ್ಬೆ. ನುಂಗಿದ್ರೆ ಕಂಠ ಪೂರ್ತಿ ಹೋಗ್ತಿತ್ತು ಅಂದ್ರು ಡಾಕ್ಟ್ರು. ಶುಕ್ರವಾರದವರೆಗೂ ಒಂದು ಮಾತೂ ಆಡೋ ಹಾಗಿಲ್ಲ."

ಫ್ಲಾಸ್ಕಿನ ಜೊತೆ ಅವನು ಮೂರು ಕಾಗದ ಮೇಜಿನ ಮೇಲಿಟ್ಟ. ಒಂದು ತಿಂಗಳಲ್ಲಿ ಸ್ಟುಡಿಯೋ ವಿಳಾಸಕ್ಕೆ ಅಂಚೆಯಲ್ಲಿ ಬಂದವು. ಮೂರೂ ಪ್ರಿಂಟರಿನಲ್ಲಿ ತೆಗೆದವು. ಕೊನೆಯದರಲ್ಲಿ ಒಂದೇ ಸಾಲು: 'ಶನಿವಾರ ಮುಚ್ಚಳದ ಹಾಡು ಹಾಡಿದರೆ ಅದೇ ನಿನ್ನ ಕೊನೆಯ ಹಾಡು.'

"ಮುಚ್ಚಳದ ಹಾಡು ಯಾವುದು?"

ಮಾವ ಹೆಗಲು ಕುಣಿಸಿದ. "ಅಂಥ ಹಾಡೇ ಇಲ್ಲ ಸಾರ್. ಯಾರೋ ತಲೆಕೆಟ್ಟೋರು."

ಇನ್ಸ್‌ಪೆಕ್ಟರ್ ಹುಡುಗಿಯ ಕಡೆ ತಿರುಗಿದರು. ಅವಳ ತೊಡೆಯ ಮೇಲೊಂದು ಸಣ್ಣ ಸ್ಲೇಟು. ಬರೆಯುವ ಮುನ್ನ ಬಳಪ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಬರೆದದ್ದು: 'ಗೊತ್ತಿಲ್ಲ.'

ಹನ್ನೊಂದು ಐದಕ್ಕೆ ಎಫ್‌ಐಆರ್ ದಾಖಲಾಯಿತು. ಫ್ಲಾಸ್ಕು ಮೊಹರಾಗಿ ಪ್ರಯೋಗಾಲಯಕ್ಕೆ ಹೋಯಿತು. ಹುಡುಗಿ ಇನ್ನು ಮೇಲೆ ಮಹಿಳಾ ಕಾನ್‌ಸ್ಟೇಬಲ್ ಕೈಯಿಂದ ಬಂದ ನೀರನ್ನಷ್ಟೇ ಕುಡಿಯಬೇಕೆಂದು ತಾಕೀತಾಯಿತು. ಶನಿವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ಮಧ್ಯಾಹ್ನ ಮೂರಕ್ಕೆ ಸ್ಟುಡಿಯೋದಲ್ಲಿ ಸ್ಥಳ ಪಂಚನಾಮೆ. ಗೋಡೆಗೆಲ್ಲ ಸ್ಪಂಜು ಹೊದಿಸಿದ, ಕಿಟಕಿಯಿಲ್ಲದ ಕೋಣೆ. ಬಾಗಿಲು ಮುಚ್ಚಿದರೆ ನಮ್ಮ ರಕ್ತ ಓಡುವುದು ನಮ್ಮ ಕಿವಿಗೇ ಕೇಳುತ್ತದೆ. ಅಲ್ಲಿ ಮೈಕು ಕೆಮ್ಮಿದಾಗ ಆ ಕೆಮ್ಮೂ ಸತ್ತು ಬಿತ್ತು. ಅವರು ಗಾಬರಿಯಿಂದ ಗಂಟಲು ಮುಟ್ಟಿಕೊಂಡರು.

ಧ್ವನಿಮುದ್ರಣ ಮಾಡುವವನು ಮೂವತ್ತೈದರ ಸಣಕಲ. ಅವನ ರಾಗವೊಂದನ್ನು ಹುಡುಗಿ ಬೇಡವೆಂದಿದ್ದಳು, ಅವನಿಗೆ ಆ ಹೊಟ್ಟೆಯುರಿ ಇದೆ ಎಂದು ಮಾವ ಹೇಳಿದ್ದ.

"ಫ್ಲಾಸ್ಕು ಎಷ್ಟು ಹೊತ್ತು ಇಲ್ಲಿತ್ತು?"

"ಒಂಬತ್ತರಿಂದ ಹತ್ತು. ಆ ಮೇಜಿನ ಮೇಲೆ."

"ಮುಟ್ಟಿದ್ರಾ?"

"ಮುಟ್ಟಿದೆ. ಪಕ್ಕಕ್ಕೆ ಸರಿಸಿದೆ. ನನ್ನ ರಾಗ ಬೇಡ ಅಂದಿದ್ದಕ್ಕೆ ಬೇಜಾರಾಗಿದ್ದೂ ಹೌದು ಸಾರ್. ಆದರೆ ಆ ಗಂಟಲು ಹೋದ್ರೆ ನಾನು ಇನ್ಯಾರ ಧ್ವನಿ ಹಿಡೀಲಿ?"

ಅವನ ಕಣ್ಣು ತುಂಬಿದ್ದನ್ನು ಇನ್ಸ್‌ಪೆಕ್ಟರ್ ನೋಡಿದರು. ನಂಬಲಿಲ್ಲ, ತಳ್ಳಿಯೂ ಹಾಕಲಿಲ್ಲ.

ಮರುದಿನ ಬೆಳಗ್ಗೆ ಎಂಟಕ್ಕೆ ಹುಡುಗಿಯ ಮನೆ. ನೆಲಮಹಡಿಯ ಮೂರು ಕೋಣೆಗಳು. ಅಮ್ಮ ಅಡುಗೆಮನೆಯಲ್ಲಿದ್ದರು. ಮಾತಾಡುತ್ತ ಅವರ ಕೈ ಒಂದೊಂದೇ ಪಾತ್ರೆಯ ಮುಚ್ಚಳವನ್ನು ಒತ್ತಿ ನೋಡುತ್ತಿತ್ತು. ಡಬ್ಬ, ಕೊಡ, ಹಾಲಿನ ಪಾತ್ರೆ ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಬಚ್ಚಲುಮನೆಯ ಬಕೆಟ್ಟಿಗೂ ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಹೇರಿತ್ತು.

"ಫ್ಲಾಸ್ಕಿಗೆ ನೀರು ತುಂಬೋದು ಯಾರು?"

"ನಾನು," ಎಂದಳು ಹುಡುಗಿಯ ಅಕ್ಕ, ಬಾಗಿಲಲ್ಲಿ ನಿಂತು. ಮೂವತ್ತೊಂದು ವರ್ಷ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆ. ಕೈಚೀಲ ಆಗಲೇ ಹೆಗಲೇರಿತ್ತು. "ದಿನಾ ಏಳಕ್ಕೆ. ಒಂಬತ್ತು ವರ್ಷದಿಂದ ನಾನೇ."

"ಯಾರ ಮೇಲಾದರೂ ಅನುಮಾನ?"

"ಹೆಸರು ಮಾಡಿದವರನ್ನ ಕಂಡ್ರೆ ಹೊಟ್ಟೆಕಿಚ್ಚು ಇಲ್ಲದೋರು ಯಾರಿದ್ದಾರೆ ಸಾರ್? ಸ್ಟುಡಿಯೋದಲ್ಲಿ ವಿಚಾರಿಸಿ."

ಕಾಗದಗಳ ವಿಷಯವನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಇನ್ಸ್‌ಪೆಕ್ಟರ್ ಆ ಸುದ್ದಿ ಎತ್ತದೆ ಕೇಳಿದರು. "ಮುಚ್ಚಳದ ಮೇಲೆ ನಿಮಗೆ ಬಹಳ ನಿಗಾ, ಅಮ್ಮಾ."

ಅಮ್ಮನ ಕೈ ನಿಂತಿತು.

"ಒಂದು ಸಲ ನಿಗಾ ಇಡಲಿಲ್ಲ ಸಾರ್. ಹಳೇ ಮನೇಲಿ, ಮಾಳಿಗೆ ಮೇಲೆ ಒಂದು ಗಿಡ್ಡ ನೀರಿನ ತೊಟ್ಟಿ ಇತ್ತು. ನೀರು ಮೊಗೆದು ಮುಚ್ಚಳ ಹಾಕೋದು ಮರೆತಿದ್ದೆ. ಮೂರು ವರ್ಷದ ಮಗ. ಹದಿನಾಲ್ಕು ವರ್ಷ ಆಯ್ತು. ಹಾಕಿದ್ದೆ ಅಂತಲೇ ಕೈಗೆ ನೆನಪು. ಹಾಕಿದ್ರೆ ಅವನು ಹೋಗ್ತಿರಲಿಲ್ಲವಲ್ಲ."

ಅಕ್ಕ ಗಡಿಯಾರ ನೋಡಿ ಚಪ್ಪಲಿ ಮೆಟ್ಟಿಕೊಂಡಳು. "ಅಮ್ಮಾ, ಮಾತ್ರೆ ತಗೋ. ಬರ್ತೀನಿ."

ಜೀಪಿನಲ್ಲಿ ಮೈಕು ತಮ್ಮ ಲೆಕ್ಕದಲ್ಲಿ ಪಿಸುಗುಟ್ಟಿದರು. "ಸಾರ್, ಮುಚ್ಚಳ ಈ ಮನೇದು." ದಾರಿಹೋಕನೊಬ್ಬ ತಿರುಗಿ ನೋಡಿದ.

"ಹೌದು. ಕೈ ಯಾರದು ಅನ್ನೋದು ಬಾಕಿ."

ಗುರುವಾರ ಬೆಳಗ್ಗೆ ಪ್ರಯೋಗಾಲಯದ ವರದಿ ಬಂತು. ಫ್ಲಾಸ್ಕಿನ ನೀರಿಗೆ ಬೆರೆಸಿದ್ದು, ಕಟ್ಟಿಕೊಂಡ ಕೊಳವೆಗೆ ಸುರಿಯುವ ಕ್ಷಾರದ ದ್ರಾವಣ.

ಹತ್ತೂವರೆಗೆ ಇನ್ಸ್‌ಪೆಕ್ಟರ್ ಮತ್ತೆ ಸ್ಟುಡಿಯೋದಲ್ಲಿದ್ದರು. "ಶನಿವಾರದ ಹಾಡುಗಳನ್ನೆಲ್ಲ ಹಾಕಿ," ಎಂದರು ಧ್ವನಿಮುದ್ರಣದವನಿಗೆ.

ಅವರು ಕಣ್ಣು ಮುಚ್ಚಿ ಕೂತರು. ಅವರ ಅಜ್ಜಿ ದಿನಾ ಬೆಳಗ್ಗೆ ಪದ್ಯ ಓದುತ್ತ, ಬೇಕೆಂದೇ ಒಂದು ಮಾತು ಬದಲಿಸಿ, ಮೊಮ್ಮಗ ಹಿಡಿಯುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದಳು. ಹಿಡಿದರೆ ಕೆನ್ನೆ ತಟ್ಟುತ್ತಿದ್ದಳು. ಇಲ್ಲವಾದರೆ ಇಡೀ ಪದ್ಯ ಮೊದಲಿನಿಂದ. ಕೇಳುವುದೂ ಒಂದು ಪೂಜೆಯೇ ಎಂದು ಆಗಲೇ ಅವರ ಮನಸ್ಸಿಗೆ ಹೊಕ್ಕಿತ್ತು.

ಒಂಬತ್ತು ಹಾಡು. ಏಳನೆಯದು ಸಣ್ಣ ದನಿಯಲ್ಲಿ ಶುರುವಾಯಿತು:

'ಕಿಟಕಿ ತೆರೆದವರು ಯಾರೆಂದು
ಗಾಳಿಗೆ ಮಾತ್ರ ಗೊತ್ತು,
ಅಮ್ಮಾ, ಅದು ನಿನ್ನ ಕೈಯಲ್ಲ.'

ಇನ್ಸ್‌ಪೆಕ್ಟರ್ ಕಣ್ಣು ತೆರೆದರು. "ಇದರಲ್ಲಿ ಮುಚ್ಚಳ ಅನ್ನೋ ಮಾತು ಎಂದಾದರೂ ಇತ್ತಾ?"

"ಇಲ್ಲ ಸಾರ್. ಇದರ ಹೆಸರೇ ಕಿಟಕಿ. ಇಲ್ಲಿ ಎಲ್ಲರೂ ಹಾಗೇ ಕರೆಯೋದು. ಮೊದಲನೇ ಸಲ ಫೋನಲ್ಲಿ ಏನು ಹಾಡ್ಕೊಂಡಿದ್ರೋ ಅವರಿಗೇ ಗೊತ್ತು."

"ಮೊದಲನೇ ಸಲ ಅಂದ್ರೆ?"

"ಅವರಿಗೆ ರಾಗ ಮೊದಲು ಬರುತ್ತೆ. ಮಾತು ಸಿಗೋವರೆಗೂ ಬಾಯಿಗೆ ಬಂದಿದ್ದು ಹಾಕಿ ಹಾಡ್ತಾರೆ. ಹುಲ್ಲು ತುಂಬೋದು ಅಂತೀವಿ, ಬೊಂಬೆಗೆ ತುಂಬಿದ ಹಾಗೆ. ಆಮೇಲೆ ಹುಲ್ಲು ಕಿತ್ತು ನಿಜವಾದ ಮಾತು ಇಡೋದು. ಹುಲ್ಲನ್ನ ಯಾರಿಗೂ ಕೇಳಿಸಲ್ಲ."

ಇನ್ಸ್‌ಪೆಕ್ಟರ್ ಎದ್ದು ಸ್ಟ್ಯಾಂಡಿನ ಮೇಲಿದ್ದ ಹಾಡಿನ ಹಾಳೆ ತೆಗೆದುಕೊಂಡರು. ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಂಥ ಕಪ್ಪು ಗೀರು. ಮೈಕು ಕಡತದಿಂದ ಮೂರು ಬೆದರಿಕೆ ಕಾಗದ ತೆಗೆದು ಪಕ್ಕದಲ್ಲಿಟ್ಟರು. ಅದೇ ಗೀರು, ಅದೇ ಜಾಗದಲ್ಲಿ.

"ಇದನ್ನ ಪ್ರಿಂಟ್ ಮಾಡೋದು ಯಾರು?"

"ಅವರ ಅಕ್ಕ. ಆಫೀಸಲ್ಲಿ ಮಾಡ್ಕೊಂಡು ಬರ್ತಾರೆ."

ಹುಡುಗಿ ಪಕ್ಕದ ಕೋಣೆಯಲ್ಲಿದ್ದಳು. ಮಾವನನ್ನು ಹೊರಗೆ ಕಳಿಸಿ, ಇನ್ಸ್‌ಪೆಕ್ಟರ್ ಎದುರಿಗೆ ಕೂತರು.

"ಕಿಟಕಿ ಹಾಡಿನ ಹುಲ್ಲು ಕೇಳಿಸಮ್ಮ."

ಅವಳು ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಬಚ್ಚಲುಮನೆಯ ಗೋಡೆಗೆ ಬಡಿದು ಮರಳುವ ಬರಿ ದನಿ. ಹೊರಗೆಲ್ಲೋ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವ ಸದ್ದು.

'ಮುಚ್ಚಳ ತೆಗೆದವರು ಯಾರೆಂದು
ನೀರಿಗೆ ಮಾತ್ರ ಗೊತ್ತು...'

ನಲ್ಲಿಯ ಸದ್ದು ಥಟ್ಟನೆ ನಿಂತಿತು. ಹಾಡು ಮುಂದುವರಿಯಿತು. ಕೊನೆಯವರೆಗೂ ನಲ್ಲಿ ಮತ್ತೆ ಶುರುವಾಗಲಿಲ್ಲ. ಗೋಡೆಯಾಚೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದರು.

"ನಲ್ಲಿ ನಿಲ್ಲಿಸಿದ್ದು ಯಾರು?"

ಏನೂ ಬರೆಯದ ಸ್ಲೇಟನ್ನು ಅವಳು ಒರೆಸಿದಳು. 'ಅಮ್ಮ ಆಗ ಮಲಗಿದ್ದರು' ಎಂದು ಬರೆದಳು. ಆ ಮನೆಯಲ್ಲಿ ಇದ್ದುದು ಮೂವರೇ.

"ಅವತ್ತು ಮಾಳಿಗೆ ಮೇಲೆ ನೀವಿದ್ರಾ?"

'ನನಗೆ ಎಂಟು ವರ್ಷ. ಅಮ್ಮ ಮುಚ್ಚಳ ಹಾಕಿ ಇಳಿದರು. ಆಮೇಲೆ ಅಕ್ಕ ಮತ್ತೆ ತೆಗೆದು ನೀರು ಮೊಗೆದಳು. ಕೆಳಗೆ ಫೋನ್ ಹೊಡ್ಕೊಂಡಿತು. ಓಡಿದಳು.'

"ಇಷ್ಟು ವರ್ಷ ಸುಮ್ಮನಿದ್ದವರು ಈಗ ಹಾಡೋದು ಯಾಕೆ?"

ಬಳಪ ಒತ್ತಿದ ರಭಸಕ್ಕೆ ತುದಿ ಮುರಿಯಿತು. 'ಅಮ್ಮ ಮುಚ್ಚಳ ಮುಟ್ಟೋದು ನೋಡಕ್ಕಾಗಲ್ಲ. ಬಾಯಲ್ಲಿ ಹೇಳಕ್ಕೂ ಆಗಲ್ಲ.'

"ಕಾಗದ ಬಂದಾಗಲೇ ಗೊತ್ತಾಗಿತ್ತು, ಅಲ್ವಾ?"

ಅವಳು ತಲೆಯಾಡಿಸಿದಳು. ಮುರಿದ ಬಳಪದಿಂದಲೇ ಬರೆದಳು: 'ನೀರಿಗೆ ಹಾಕ್ತಾಳೆ ಅಂತ ಗೊತ್ತಿರಲಿಲ್ಲ.'

ಶುಕ್ರವಾರ, ಹದಿನೇಳನೆಯ ತಾರೀಕು, ಬೆಳಗ್ಗೆ ಹನ್ನೊಂದು ನಲವತ್ತು. ಶಾಲೆಯ ಕಚೇರಿಯಲ್ಲಿ ಪ್ರಿಂಟರಿನಿಂದ ಖಾಲಿ ಹಾಳೆಯೊಂದನ್ನು ತೆಗೆಸಿದರು. ಕಪ್ಪು ಗೀರು ಬಂತು. ಉಗ್ರಾಣದಲ್ಲಿ ಕೊಳವೆ ತೊಳೆಯುವ ದ್ರಾವಣದ ಅರ್ಧ ಖಾಲಿಯಾದ ಬಾಟಲಿ. ಎರಡನ್ನೂ ಪಂಚರ ಸಮಕ್ಷಮ ಜಪ್ತಿ ಮಾಡಲಾಯಿತು.

ಅಕ್ಕ ತಾನೇ ಎದ್ದು ನಿಂತಳು. ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿ, ಪೆನ್ನಿಗೆ ಕ್ಯಾಪ್ ಹಾಕಿದಳು. ಹೊರಗೆ ಗಂಟೆ ಹೊಡೆದು ಮಕ್ಕಳು ಹೋ ಎಂದು ಅಂಗಳಕ್ಕೆ ನುಗ್ಗಿದವು.

"ಕೊಲ್ಲೋ ಉದ್ದೇಶ ಇತ್ತಾ?"

"ಅಯ್ಯೋ, ಇಲ್ಲ! ಅವಳನ್ನ ಎತ್ತಿ ಆಡಿಸಿದವಳು ನಾನು ಸಾರ್. ಶನಿವಾರ ಕಳೆಯೋವರೆಗೂ ಗಂಟಲು ಕಟ್ಟಿದ್ರೆ ಸಾಕು ಅಂದ್ಕೊಂಡೆ."

"ಭಾನುವಾರ ಹಾಡಿದ್ರೆ?"

ಭಾನುವಾರದ ವಿಷಯ ಅಕ್ಕ ಯೋಚಿಸಿರಲೇ ಇಲ್ಲ ಎಂಬುದು ಮುಖದ ಮೇಲೆ ಕಂಡಿತು. ಇಲ್ಲವೇ, ಯೋಚಿಸಿದ್ದಳು.

"ಒಂದು ಕೇಳ್ಕೋತೀನಿ," ಎಂದಳು ಜೀಪಿನಲ್ಲಿ. "ಯಾಕೆ ಮಾಡಿದೆ ಅನ್ನೋದನ್ನ ಬರೀಬೇಡಿ. ಹೊಟ್ಟೆಕಿಚ್ಚು ಅಂತ ಹಾಕಿ. ಜೈಲಿಗೆ ಹೋಗ್ತೀನಿ. ಅಮ್ಮಂಗೆ ಗೊತ್ತಾಗಬಾರದು."

ಇನ್ಸ್‌ಪೆಕ್ಟರ್ ರಸ್ತೆ ನೋಡುತ್ತಿದ್ದರು.

ಸಂಜೆ ಐದಕ್ಕೆ ಅಮ್ಮ ಠಾಣೆಗೆ ಬಂದರು. ಜೊತೆಗೆ ಬಂದ ಸೋದರಮಾವನ ಕೈಯಲ್ಲಿ ಬಟ್ಟೆಯ ಚೀಲ, ಅಮ್ಮನ ಕೈಯಲ್ಲಿ ಊಟದ ಡಬ್ಬ. ಬೆಂಚಿನ ಮೇಲೆ ಹಿರಿಮಗಳ ಪಕ್ಕದಲ್ಲೇ ಕೂತರು. ಹೆಬ್ಬೆರಳು ಡಬ್ಬದ ಮುಚ್ಚಳವನ್ನು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು.

"ಯಾಕೆ ಹಾಗೆ ಮಾಡಿದಳು ಸಾರ್? ತಂಗಿ ಅಂದ್ರೆ ಪ್ರಾಣ ಬಿಡ್ತಿದ್ದಳು."

ಬರೆಯುತ್ತಿದ್ದ ಮೈಕು ತಲೆಯೆತ್ತಲಿಲ್ಲ. ಇನ್ಸ್‌ಪೆಕ್ಟರ್ ಅಕ್ಕನ ಕಡೆ ನೋಡಿದರು. ಹೇಳುವವಳು ಅವಳು. ಅವಳು ಹೇಳದಿದ್ದರೆ ಕೇಸಿನ ಕಾಗದ ಹೇಳುತ್ತದೆ.

ಅಕ್ಕ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಗೋಡೆ ಗಡಿಯಾರದಲ್ಲಿ ಐದು ಹನ್ನೆರಡು.

"ಅಮ್ಮಾ," ಎಂದಳು. "ತೊಟ್ಟಿ ಮುಚ್ಚಳ ನೀನು ಹಾಕಿದ್ದೆ. ತೆಗೆದಿದ್ದು ನಾನು."

ಹೆಬ್ಬೆರಳು ನಿಂತಿತು.

ಅಮ್ಮ ಅಳಲಿಲ್ಲ, ಕೂಗಲಿಲ್ಲ. ಮಗಳ ಮುಖವನ್ನು ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದರು. ಆಮೇಲೆ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದರು.

"ಹದಿನಾಲ್ಕು ವರ್ಷ, ದಿನಾ, ನಾನು ಒತ್ತೋದು ನೋಡ್ತಾನೇ ಇದ್ಯಲ್ಲೇ?"

ಆರು ಹತ್ತಕ್ಕೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ದಸ್ತಗಿರಿಯ ಸಮಯ, ಜಪ್ತಿ ಮಾಡಿದ ವಸ್ತುಗಳು, ಪಂಚರ ಸಹಿ ಎಲ್ಲ ಸರಿಯಿತ್ತು. ಕಾರಣದ ಜಾಗವೊಂದೇ ಖಾಲಿ. ಬೆಂಚಿನ ಮೇಲೆ ಊಟದ ಡಬ್ಬ ಹಾಗೇ ಉಳಿದಿತ್ತು, ಅಮ್ಮ ಅದನ್ನು ಮರೆತು ಹೋಗಿದ್ದರು. ಇನ್ಸ್‌ಪೆಕ್ಟರ್ ಬರೆದರು:

'ಆರೋಪಿಯು ಒಂದು ಸಂಗತಿ ತನ್ನ ತಾಯಿಗೆ ತಿಳಿಯಬಾರದೆಂದು ಈ ಕೃತ್ಯ ಎಸಗಿರುತ್ತಾಳೆ. ಸದರಿ ಸಂಗತಿಯು ಈ ದಿನ ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ತಾಯಿಗೆ ತಿಳಿದಿರುತ್ತದೆ.'