ಬೆಲ್ ಒತ್ತುವ ಬೀಗದವನು

"ಕಣ್ಣು ಮುಚ್ಚಿ. ಈಗ ಬೆರಳಿಂದ ಮೂಗು ಮುಟ್ಟಿ."

ಮುಟ್ಟಿದಳು. ಬೆರಳು ನಡುಗಲಿಲ್ಲ.

"ಮೂರು ವರ್ಷದಿಂದ ಫಿಟ್ಸ್ ಇಲ್ಲ, ಭ್ರಮೆ ಇಲ್ಲ," ಎಂದರು ನರರೋಗದ ಡಾಕ್ಟರು. "ನಾಳೆ ಕಿಡ್ನಿ ಕಸಿಗೆ ನನ್ನ ಒಪ್ಪಿಗೆ ಇದೆ. ಆದ್ರೆ ಆಮೇಲಿನ ಔಷಧಿಗಳಿಂದ ಫಿಟ್ಸ್ ಮತ್ತೆ ಬರಬಹುದು. ಹೆಚ್ಚಿನವರಿಗೆ ಬರಲ್ಲ. ಆದ್ರೂ ಹೇಳ್ಬೇಕು."

ಹೊರಗಿನ ಬೆಂಚಿನಲ್ಲಿ ಅವಳ ಗೆಳೆಯ ಕಾಯುತ್ತಿದ್ದ. ಅವಳ ಕನ್ನಡಕದಂಗಡಿಯ ಪಕ್ಕದಲ್ಲೇ ಅವನ ಬೀಗ ರಿಪೇರಿಯ ಗೂಡು.

"ಪಾಸಾ?"

"ಮೂಗು ಇದ್ದಲ್ಲೇ ಇದೆಯಂತೆ."

"ಅಷ್ಟುದ್ದ ಮೂಗು, ತಪ್ಪೋದು ಹೇಗೆ?"

ನಕ್ಕಳು. ಮಹಡಿಯ ಮೇಲೆ, ಕಿಡ್ನಿ ಕೊಡಲಿದ್ದ ಅಮ್ಮ ನರ್ಸಿಗೆ ಮಗಳ ಬಾಲ್ಯದ ತಂಟೆಗಳನ್ನೆಲ್ಲ ಒಪ್ಪಿಸುತ್ತಿದ್ದಳು.

ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಲೂಪಸ್ ಕಾಯಿಲೆ, ಈಗ ಕಿಡ್ನಿ ಕೆಡಿಸಿದ್ದೂ ಅದೇ, ಮೂರು ವರ್ಷದ ಹಿಂದೆ ಅವಳ ಮಿದುಳಿಗೇರಿತ್ತು. 'ಇವನು ಅವನಲ್ಲ... ಅವನ ಮುಖ ಹಾಕಿಕೊಂಡ ಇನ್ಯಾರೋ!' ಎಂದು ಅವನನ್ನು ಹೊರದೂಡಿ ಬೀಗ ಹಾಕಿಕೊಂಡಿದ್ದಳು. ಎಂಥ ಬೀಗವನ್ನೂ ಎರಡೇ ನಿಮಿಷದಲ್ಲಿ ತೆಗೆಯುವವನು ಅವನು. ತೆಗೆದು ಒಳಗೆ ಬಂದಿದ್ದ.

ಅಲ್ಲಿಂದೀಚೆಗೆ ಬೆಲ್ ಒತ್ತದೆ ಹೊಸ್ತಿಲು ದಾಟಿದವನಲ್ಲ.

"ಬಾಗಿಲು ಹಾರುಹೊಡೆದಿದ್ರೂ ಬೆಲ್ ಒತ್ತುತ್ತೀಯಲ್ಲ... ನನ್ನ ಕಂಡ್ರೆ ಅಷ್ಟು ಭಯಾನಾ?"

ಅವನು ಬೆಚ್ಚಿದ.

"ಭಯ ನಂಗಲ್ಲ ಕಣೇ! ಅವತ್ತು ನೀನು ಬಿದ್ದ ಸದ್ದಾಯ್ತು. ಬೀಗ ತೆಗೆದೆ. ನೀನು ನೆಲದ ಮೇಲಿಂದ ನನ್ನ ನೋಡಿ ಕೈಮುಗಿದೆ... 'ಕೊಲ್ಲಬೇಡ' ಅಂತ. ಆ ಕೈಗಳನ್ನ ಇನ್ನೊಂದ್ಸಲ ನೋಡಕ್ಕಾಗಲ್ಲ ನಂಗೆ. ನೀನು ಬಾ ಅಂದ್ಮೇಲೇ ಒಳಗೆ ಬರೋದು ಅಂತ ಅವತ್ತೇ ಅಂದ್ಕೊಂಡೆ."

ಅಯ್ಯೋ... ಮೂರು ವರ್ಷ! ಪ್ರತಿ ಸಲ ಬೆಲ್ ಸದ್ದಾದಾಗಲೂ 'ಹುಚ್ಚಿಯ ಮನೆಗೆ ಹೆದರಿ ಬರ್ತಾನೆ' ಎಂದು ಒಳಗೇ ಬೇಯುತ್ತಿದ್ದೆನಲ್ಲ!

ಬ್ಯಾಗಿನಿಂದ ಮನೆಯ ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಬಾ ಅಂತಿದೀನಿ. ಇಟ್ಕೋ. ನಾಳೆ ನಾನು... ಬರದೇ ಹೋದ್ರೆ, ಕುಂಡಗಳಿಗೆ ನೀರು ಹಾಕು. ನಂಗೋಸ್ಕರ ಕಾಯ್ತಾ ಕೂರ್ಬೇಡ."

ಅವನ ಹೆಬ್ಬೆರಳು ಅಭ್ಯಾಸಬಲದಿಂದ ಕೀಲಿಯ ಹಲ್ಲುಗಳನ್ನು ಸವರಿತು. ಆಮೇಲೆ ಅದನ್ನು ಅವಳ ಬ್ಯಾಗಿಗೇ ಹಾಕಿ, ಜಿಪ್ ಎಳೆದ.

"ಬೇಡ."

"ಯಾಕೋ? ಪ್ರೀತಿಯಿಂದ ಕೊಡ್ತಿದೀನಿ..."

"ಗೊತ್ತು. ಆದ್ರೂ ತಗೊಳ್ಳಲ್ಲ. ನಾನು ಬೆಲ್ ಒತ್ತಿ ನಿಂತಿರ್ತೀನಿ. ನೀನೇ ಬಂದು ತೆಗಿ."