ಏಳನೇ ಪುಸ್ತಕದ ನೂರ ನಲವತ್ತಮೂರನೇ ಪುಟ

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 9.20. ಜಾರ್ಜಿಯಾ ರಾಜ್ಯದ ನಮ್ಮ ಟಸ್ಕೋನಿ ಕೌಂಟಿಯ ಷರೀಫ್ ಠಾಣೆಗೆ ಮಿಸ್ ಓಪಲ್ ಹ್ಯಾಂಬ್ರಿಕ್ ಬಂದು ದೂರು ಕೊಟ್ಟರು. ಕೌಂಟಿ ಪತ್ರಾಗಾರವನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿರುವ ಹೆಂಗಸು. ಶವವಿಚಾರಣೆಯ ಏಳನೇ ಪುಸ್ತಕದಿಂದ ಒಂದು ಹಾಳೆ ಕಾಣೆಯಾಗಿತ್ತು. ಒಂದು ಹಾಳೆಗೆಲ್ಲ ಎಫ್‌ಐಆರ್ ಬೇಕೇ ಎಂದು ಕೌಂಟರಿನ ಪೇದೆ ಹಲ್ಲು ಕಿರಿದ. ಪತ್ತೇದಾರ ವೇಡ್ ಡನವೇ ನಗಲಿಲ್ಲ.

"ಯಾವ ಹಾಳೆ?"

"ನೂರ ನಲವತ್ತಮೂರು." ಮಿಸ್ ಓಪಲ್ ಅವನ ಮುಖ ನೋಡದೆ ಹೇಳಿದರು. "ಐಸಮ್ ಬ್ಲಾಲಕ್‌ದು. ನಿನಗೆ ಗೊತ್ತಿರೋದೇ, ವೇಡ್."

ಗೊತ್ತಿತ್ತು. ಐಸಮ್ ಕಪ್ಪು ಜನಾಂಗದ ಬಡಗಿ. 1912ರಲ್ಲಿ ಊರ ಜನ ಅವನನ್ನು ಜೈಲಿನಿಂದ ಎಳೆದೊಯ್ದು ಕೊಂದರು. ಶವವಿಚಾರಣೆ ಮುಗಿದ ಮೇಲೆ ಹೆಣವನ್ನು ಏನು ಮಾಡಿದರೋ, ಮನೆಯವರಿಗೆ ಸಿಗಲಿಲ್ಲ. ಕೊಂದವರು ಅಪರಿಚಿತರು ಎಂದು ಆರು ಜನ ಪಂಚರು ರುಜು ಹಾಕಿದರು. ನಾಲ್ಕನೇ ರುಜು ವರ್ನನ್ ಡನವೇ, ಈ ವೇಡ್‌ನ ಮುತ್ತಾತನದು. ಆ ಪುಟಕ್ಕೆ ಬೇರೆ ನಕಲೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಬರುವ ಸೋಮವಾರ ಹಳೆಯ ಪುಸ್ತಕಗಳೆಲ್ಲ ಇನ್ನೂರು ಮೈಲಿ ಆಚೆಯ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಿತ್ತು.

10.05ಕ್ಕೆ ವೇಡ್, ಡೆಪ್ಯುಟಿ ರೆನೀ ಪಿಕೆಟ್‌ಳನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ ಪಂಚನಾಮೆ ಶುರುಮಾಡಿದ. ಪತ್ರಾಗಾರವಿರುವುದು ಹಳೆಯ ಜೈಲಿನಲ್ಲೇ. ಯಾರ ತಲೆಗೆ ಹೊಳೆಯಿತೋ, ಕೈದಿಗಳ ಕೋಣೆಗಳಲ್ಲಿ ಕಪಾಟು ಜೋಡಿಸಿ, ಸತ್ತವರನ್ನೆಲ್ಲ ಅಲ್ಲಿ ತುಂಬಿಟ್ಟಿದ್ದಾರೆ. ಕೈದಿಗಳನ್ನು ಕಟ್ಟಿಹಾಕುತ್ತಿದ್ದ ಗೋಡೆಯ ಕಬ್ಬಿಣದ ಬಳೆಗಳನ್ನು ಇವತ್ತಿಗೂ ಕಿತ್ತಿಲ್ಲ. ಏಳನೇ ಪುಸ್ತಕವಿದ್ದದ್ದು ಮೂರನೇ ಕೋಣೆಯಲ್ಲಿ, ಐಸಮ್ ಇದ್ದ ಕೋಣೆಯಲ್ಲಿ.

"ಇಲ್ಲಿ ಒಬ್ಬಳೇ ಕೂತಾಗ ಬಾಗಿಲ ಹತ್ರ ಯಾರೋ ಕಾಯ್ತಾ ನಿಂತ ಹಾಗಾಗುತ್ತೆ," ಎಂದರು ಮಿಸ್ ಓಪಲ್. "ನಗಬೇಡ ರೆನೀ. ಹಗಲು ಹೊತ್ತಲ್ಲೇ."

ರೆನೀ ನಗುವ ಸ್ಥಿತಿಯಲ್ಲಿರಲಿಲ್ಲ. ವೇಡ್ ಕೂಡ ಬಾಗಿಲಿಗೆ ಬೆನ್ನು ಕೊಡದೆ ಬರೆಯುತ್ತಿದ್ದ. ಹಾಳೆಯನ್ನು ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿದ್ದರು. ನೂಲು ಹರಿದಿರಲಿಲ್ಲ, ಅಕ್ಕಪಕ್ಕದ ಪುಟಕ್ಕೆ ಗೀರು ಬಿದ್ದಿರಲಿಲ್ಲ. ಕೈ ಪಳಗಿದವರ ಕೆಲಸ.

"ಕೊನೆಗೆ ಎಣಿಸಿದ್ದು ಯಾವತ್ತು?"

"ಹೋದ ಶುಕ್ರವಾರ. ಪೂರ್ತಿ ಇತ್ತು."

"ಆಮೇಲೆ ಒಳಗೆ ಬಂದೋರು?"

ಓದುಗರ ಪುಸ್ತಕದಲ್ಲಿ ಮೂರು ಹೆಸರಿದ್ದವು. ಎರಡು, ಒಹಾಯೋದಿಂದ ಮನೆತನದ ಬೇರು ಹುಡುಕಿ ಬಂದಿದ್ದ ಗಂಡಹೆಂಡಿರದು. ಮೂರನೆಯದು ಲೈಲ್ ಡನವೇ. ವೇಡ್‌ನ ಚಿಕ್ಕಪ್ಪ.

12.40ಕ್ಕೆ ಲೈಲ್ ತನ್ನ ಜಗಲಿಯಲ್ಲಿ ಕೂತು ಬೇಯಿಸಿದ ಕಡಲೆಕಾಯಿ ಬಿಡಿಸುತ್ತಿದ್ದ. ಜಗಲಿಯ ತುಂಬ ಪೈನ್ ಮರದ ಹಳದಿ ಪರಾಗ.

"ಮುತ್ತಾತನ ರುಜು ಇರೋ ಹಾಳೆ ಎಲ್ಲಿ, ಚಿಕ್ಕಪ್ಪ?"

"ನನ್ನ ಕೇಳ್ತೀಯಾ? ನಾನು ಹೋಗಿದ್ದು ಜಮೀನಿನ ಪತ್ರ ನೋಡೋಕೆ."

"ಏಳನೇ ಪುಸ್ತಕ ಮುಟ್ಟಿದ್ಯಾ?"

"ಲೋ, ಅರವತ್ತೆಂಟು ವರ್ಷ ಆ ಪುಟಾನ ನೋಡದೇ ಇರೋಕೇ ಒದ್ದಾಡಿದೀನಿ. ಈಗ ಮನೆಗೆ ತಂದಿಟ್ಕೊಂಡು ಏನು ಮಾಡ್ಲಿ, ಪೂಜೇನಾ?"

ಮನೆ ಜಾಲಾಡಲು ಲೈಲ್ ತಾನೇ ಒಪ್ಪಿದ. ಏನೂ ಸಿಗಲಿಲ್ಲ. ಒಹಾಯೋದವರು ಏಳನೇ ಪುಸ್ತಕ ಕೇಳಿಯೇ ಇರಲಿಲ್ಲ ಎಂದು ಬೇಡಿಕೆ ಚೀಟಿಗಳು ಹೇಳಿದವು.

ದಾರಿ ತೋರಿಸಿದವಳು ರೆನೀ. 2.15ಕ್ಕೆ ಠಾಣೆಯಲ್ಲಿ ಕೂತು, ಸಮಾಧಿಗಳ ಪಟ್ಟಿ ಇಡುವ ಜಾಲತಾಣದಲ್ಲಿ ಐಸಮ್‌ನ ಹೆಸರು ಹಾಕಿ ನೋಡಿದಳು. ಸಮಾಧಿಯೇ ಇಲ್ಲದವನಿಗೆ ಅಲ್ಲೊಂದು ಹೊಸ ನಮೂದು ಇತ್ತು.

'ಐಸಮ್ ಬ್ಲಾಲಕ್, 1881–1912. ಮೌಂಟ್ ಪಿಸ್ಗಾ ಚರ್ಚಿನ ಸ್ಮಶಾನ. ಮಣ್ಣಾದದ್ದು 2019ರ ಮಾರ್ಚ್ 10. ಆಧಾರ: ಶವವಿಚಾರಣೆ ಪುಸ್ತಕ 7, ಪುಟ 143, ಮೂಲಪ್ರತಿ. ಈಗಿರುವ ಸ್ಥಳ: ಸಮಾಧಿಯೊಳಗೆ.'

ಸೇರಿಸಿದವರು: ಅರ್ನೆಸ್ಟಿನ್ ಬ್ಲಾಲಕ್.

ಐಸಮ್‌ನ ಮೊಮ್ಮಗಳು. ವಯಸ್ಸು ಎಪ್ಪತ್ತಾರು. ವೇಡ್‌ಗೆ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದ ಟೀಚರ್. ನಿವೃತ್ತಿಯಾದ ಮೇಲೆ ಪತ್ರಾಗಾರದಲ್ಲಿ ಸಂಬಳವಿಲ್ಲದೆ ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದರು, ಶನಿವಾರ ವಂಶಾವಳಿ ಹುಡುಕುವವರಿಗೆ ತರಗತಿ ನಡೆಸುತ್ತಿದ್ದರು. ಒಳಗಿನವರೇ ಆದ್ದರಿಂದ ಅವರು ಓದುಗರ ಪುಸ್ತಕದಲ್ಲಿ ರುಜು ಹಾಕಬೇಕಾಗಿರಲಿಲ್ಲ, ಅವರ ಚೀಲವನ್ನು ಯಾರೂ ನೋಡುತ್ತಿರಲಿಲ್ಲ.

"ಕದ್ದ ಮೇಲೆ ಯಾರಾದ್ರೂ ಹೀಗೆ ವಿಳಾಸ ಬರೀತಾರಾ ಸಾರ್?" ಎಂದಳು ರೆನೀ. ಅವಳೂ ಆ ತರಗತಿಯಲ್ಲಿ ಕೂತವಳು. ಏನೇ ಬರೆದರೂ ಎಲ್ಲಿಂದ ಸಿಕ್ಕಿತು, ಈಗ ಎಲ್ಲಿದೆ, ಎರಡನ್ನೂ ಬರೆಯಬೇಕು ಎಂದು ಟೀಚರ್ ಬೋರ್ಡಿನ ಮೇಲೆ ಗೀಟೆಳೆದು ಹೇಳುತ್ತಿದ್ದರು. ಕಳ್ಳತನದ ಹೊತ್ತಿನಲ್ಲೂ ಆ ಚಾಳಿ ಅವರನ್ನು ಬಿಟ್ಟಿರಲಿಲ್ಲ.

ಸಂಜೆಗೆ ಮಳೆ ಎಂದು ರೇಡಿಯೋ ಹೇಳುತ್ತಿತ್ತು. ಕಾಗದ ನೆಂದರೆ ಐಸಮ್ ಇದ್ದ ಎನ್ನುವುದಕ್ಕೆ ಕೌಂಟಿಯಲ್ಲಿ ಸಾಕ್ಷಿಯೇ ಉಳಿಯುವುದಿಲ್ಲ. 3.30ಕ್ಕೆ ವೇಡ್ ಆದೇಶಪತ್ರ ಹಿಡಿದು ಸ್ಮಶಾನಕ್ಕೆ ಹೋದಾಗ, ಟೀಚರ್ ಮಡಚುವ ಕುರ್ಚಿ ಹಾಕಿಕೊಂಡು ತಮ್ಮ ಅಜ್ಜಿಯ, ಎಂದರೆ ಐಸಮ್‌ನ ಹೆಂಡತಿಯ, ಸಮಾಧಿಯ ಪಕ್ಕದಲ್ಲಿ ಕೂತಿದ್ದರು. ಎದುರಿಗೆ ಹೊಸ ಮಣ್ಣಿನ ಸಣ್ಣ ದಿಬ್ಬ, ಕೂಸನ್ನು ಹೂಳಿದಷ್ಟು ಅಗಲ.

"ಲೇಟಾಗಿ ಬಂದೆ, ವೇಡ್. ಸ್ಕೂಲಿಗೂ ಹೀಗೇ ಬರ್ತಿದ್ದೆ."

"ಹಾಳೆ ಇಲ್ಲೇ ಇದೆಯಾ, ಟೀಚರ್?"

"ಬರ್ದಿದೀನಲ್ಲ."

"ಯಾಕೆ ತೆಗೆದ್ರಿ?"

"ನಮ್ಮಜ್ಜಿ ಸಾಯೋವರೆಗೂ ಮನೆ ಬಾಗಿಲಿಗೆ ಅಗುಳಿ ಹಾಕ್ಲಿಲ್ಲ ಕಣಪ್ಪ. ಅಜ್ಜ ಬಂದ್ರೆ ತಟ್ಟೋ ಹಾಗಾಗಬಾರದು ಅಂತ. ನಲವತ್ತು ವರ್ಷ! ಅವನು ನೋಡಿದ್ರೆ ಆ ಮೂರನೇ ಕೋಣೇಲೇ ಕೂತಿದ್ದ. ಓಪಲ್‌ಗೆ ಅನ್ಸುತ್ತಲ್ಲ, ಬಾಗಿಲ ಹತ್ರ ಯಾರೋ ಕಾಯ್ತಾರೆ ಅಂತ? ನನಗೂ ಅನ್ಸ್ತಿತ್ತು. ಸೋಮವಾರ ಇನ್ನೂರು ಮೈಲಿ ಆಚೆ ಸಾಗಿಸ್ತೀವಿ ಅಂದ್ರು. ನಾನು ಮನೆಗೆ ಕರ್ಕೊಂಡು ಬಂದೆ."

ಬಗ್ಗಿ ದಿಬ್ಬದ ಮೇಲಿನ ಕಡ್ಡಿಯೊಂದನ್ನು ತೆಗೆದು ಹೇಳಿದರು. "ಕೊಂದೋರು ಅಪರಿಚಿತರಂತೆ! ಕೊಂದೋರಿಗೂ, ರುಜು ಹಾಕಿದ ಆ ಆರು ಜನಕ್ಕೂ ಮನೆ ಕಟ್ಟಿಕೊಟ್ಟೋನು ಅವನೇ."

ಪಾದ್ರಿಯನ್ನೂ ರೆನೀಯನ್ನೂ ಪಂಚರನ್ನಾಗಿ ನಿಲ್ಲಿಸಿಕೊಂಡು ವೇಡ್ ತಾನೇ ಮಣ್ಣು ತೆಗೆದ. ಎರಡು ಅಡಿ ಕೆಳಗೆ ಬಿಸ್ಕತ್ತಿನ ಡಬ್ಬಿ. ಒಳಗೆ ಪತ್ರಾಗಾರದವರು ಬಳಸುವ ಮೆತ್ತನೆಯ ಕಾಗದದಲ್ಲಿ ಸುತ್ತಿದ್ದ ಹಾಳೆ. ನೂರ ಏಳು ವರ್ಷದ ಶಾಯಿ ಒಂದಿಷ್ಟೂ ಕೆಟ್ಟಿರಲಿಲ್ಲ. ಕೆಳಗೆ ಆರು ರುಜು. ನಾಲ್ಕನೆಯದರ 'ಡಿ' ಅಕ್ಷರ ವೇಡ್ ಬರೆಯುವಂತೆಯೇ ಎಡಕ್ಕೆ ವಾಲಿತ್ತು.

"ಇನ್ನು ಇದು ಎಲ್ಲಿಗೆ ಹೋಗುತ್ತೆ?" ಟೀಚರ್ ಕೇಳಿದರು.

"ಸಾಕ್ಷ್ಯದ ಕಪಾಟಿಗೆ, ಟೀಚರ್. ಕೋರ್ಟು ಬಿಟ್ಟ ಮೇಲೆ ಪುಸ್ತಕಕ್ಕೆ."

"ಬಂದು ನಾಲ್ಕು ದಿನ ಆಯ್ತಷ್ಟೆ. ಮತ್ತೆ ಜೈಲಿಗೇ ಕರ್ಕೊಂಡು ಹೋಗ್ತೀಯಾ, ಮಗನೇ?"

ವೇಡ್ ಡಬ್ಬಿಯ ಮುಚ್ಚಳ ಹಾಕಿದ. 4.25ಕ್ಕೆ ಕೌಂಟಿಯ ದಾಖಲೆ ಕದ್ದ ಆರೋಪದ ಮೇಲೆ ಅರ್ನೆಸ್ಟಿನ್ ಬ್ಲಾಲಕ್‌ರನ್ನು ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲಿಲ್ಲ. ಅವರು ಕುರ್ಚಿ ಮಡಚಿ ರೆನೀ ಕೈಗೆ ಕೊಟ್ಟು ಕಾರಿನಲ್ಲಿ ಕೂತರು. ಅಷ್ಟರಲ್ಲಿ ಮಳೆಯ ಮೊದಲ ಹನಿಗಳು ತೆರೆದ ಗುಂಡಿಗೆ ಬೀಳತೊಡಗಿದವು.

ವೇಡ್ ಡಬ್ಬಿಯನ್ನು ಕೋಟಿನೊಳಗೆ ಮುಚ್ಚಿಕೊಂಡು, ಚರ್ಚಿನ ಮೆಟ್ಟಿಲ ಮೇಲೆ ಪಂಚನಾಮೆ ಮುಗಿಸಿ ಕೆಳಗೆ ರುಜು ಹಾಕಿದ. ಐಸಮ್ ಬ್ಲಾಲಕ್‌ನ ವಿಷಯದಲ್ಲಿ ಡನವೇ ಮನೆಯವರು ಹಾಕಿದ ಎರಡನೇ ರುಜು ಅದು.